ಸೂಪಾ ಕೆಳಗಿನ ಕಾಳಿ: ಹೊರಡುವ ಮೊದಲೇ ನೀರಿನ ಅಂದಾಜು ಸಿಗುವುದು ಹೇಗೆ?

ಹುಬ್ಬಳ್ಳಿಯ ಹುಟ್ಟುಗಾರ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಕೆಲವು ಮಂದಿ ಸೇರಿ ನಡೆಸುವ ಕಯಾಕ್ ಬಳಗದ ಪರವಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯ ಕೆಳಗೆ ನೀರಿಗಿಳಿದು ಮೌಳಂಗಿಯವರೆಗೆ, ಅಂದರೆ ಸುಮಾರು 9–10 ಕಿಲೋಮೀಟರ್, ಕಾಳಿಯಲ್ಲಿ ಸಾಗುವುದು ನಮ್ಮ ರೂಢಿ. ರ‍್ಯಾಫ್ಟಿಂಗ್ ತಂಡಗಳು ಬಳಸುವ ಭಾಗವೂ ಅದೇ. ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ, ಕಷ್ಟದ ಲೆಕ್ಕದಲ್ಲಿ ಎರಡನೇ, ಮೂರನೇ ದರ್ಜೆಯ ರ‍್ಯಾಪಿಡ್‌ಗಳು, ನಡುನಡುವೆ ಉದ್ದನೆಯ ಮಡುಗಳು. ತೊಡಕೇನೆಂದರೆ, ಮನೆ ಬಿಡುವಾಗ ನದಿಯಲ್ಲಿ ಎಷ್ಟು ನೀರಿರುತ್ತದೆ ಎಂಬುದು ನಮಗೆ ಗೊತ್ತಾಗುವುದೇ ಇಲ್ಲ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ನಂಬಿ ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಸೂಪಾ ಹೆಚ್ಚುಕಡಿಮೆ ತುಂಬಿದ್ದ ಅಕ್ಟೋಬರ್‌ನಲ್ಲಿ ಬಂಡೆಗಳೆಲ್ಲ ಮೇಲೆದ್ದು, ಕಯಾಕಿನ ತಳ ಉಜ್ಜಿಕೊಂಡೇ ಸಾಗಬೇಕಾಯಿತು. ಜಲಾಶಯ ಬಹಳ ಇಳಿದಿದೆ ಎಂದು ಎಲ್ಲರೂ ಹೇಳುತ್ತಿದ್ದ ಮೇ ತಿಂಗಳಲ್ಲಿ ನದಿ ಭರ್ತಿಯಾಗಿ ಹರಿಯುತ್ತಿತ್ತು. ಹಾಗಾದರೆ ನೋಡಬೇಕಾದ ಅಂಕಿ ಯಾವುದು? ಅಲ್ಲಿಗೆ ಹೋದ ಮೇಲೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ದಡದಲ್ಲಿ ನಿಂತೇ ತಿಳಿಯುವ ಬಗೆ ಉಂಟೇ?

ಮೆಗಾವ್ಯಾಟ್:
ವಿದ್ಯುತ್ ಕ್ಷೇತ್ರದಲ್ಲಿ ದುಡಿದವನಾದ್ದರಿಂದ ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡನೆಯದನ್ನು ದಡದಲ್ಲೇ ಬದುಕುವವರಿಗೆ ಬಿಡುತ್ತೇನೆ.

ಜಲಾಶಯದ ಮಟ್ಟವೆಂದರೆ ಉಳಿತಾಯ ಖಾತೆಯಲ್ಲಿರುವ ಮೊತ್ತ. ಇಂದು ಅದರಿಂದ ಎಷ್ಟು ತೆಗೆದರು ಎಂಬುದನ್ನು ಆ ಮೊತ್ತ ಹೇಳುವುದಿಲ್ಲ. ಕರ್ನಾಟಕ ವಿದ್ಯುತ್ ನಿಗಮದ ಸೂಪಾ ಅಣೆಕಟ್ಟೆ 101 ಮೀಟರ್ ಎತ್ತರದ್ದು, ಗರಿಷ್ಠ ಮಟ್ಟ 564 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 145 ಟಿಎಂಸಿ. ಅದರ ಬುಡದಲ್ಲೇ ಇರುವ ವಿದ್ಯುದಾಗಾರದಲ್ಲಿ ತಲಾ 50 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಹೆಚ್ಚುವರಿ ನೀರನ್ನು ಹೊರಬಿಡುವ ಕ್ರೆಸ್ಟ್ ಗೇಟ್ ತೆರೆಯುವ ದಿನಗಳನ್ನು ಬಿಟ್ಟರೆ, ನೀವು ಕಯಾಕ್ ಇಳಿಸುವ ನೀರೆಲ್ಲ ಈ ಎರಡು ಟರ್ಬೈನ್‌ಗಳ ಮೂಲಕ ಬಂದದ್ದೇ. ಆದ್ದರಿಂದ ನೀವು ನೋಡಬೇಕಾದ ಅಂಕಿ ಮೀಟರಿನದಲ್ಲ, ಮೆಗಾವ್ಯಾಟಿನದು.

ಲೆಕ್ಕ ಸರಳವಾಗಿದೆ. ಟರ್ಬೈನ್ ಮತ್ತು ಜನರೇಟರ್‌ಗಳ ಒಟ್ಟು ದಕ್ಷತೆಯನ್ನು ಶೇಕಡಾ 90 ಎಂದು ಇಟ್ಟುಕೊಂಡರೆ, ಮೆಗಾವ್ಯಾಟನ್ನು 113ರಿಂದ ಗುಣಿಸಿ ಹೆಡ್‌ನಿಂದ, ಅಂದರೆ ನೀರು ಬೀಳುವ ಎತ್ತರದ ಮೀಟರ್‌ಗಳಿಂದ, ಭಾಗಿಸಿದಾಗ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹೊರಬರುತ್ತಿದೆ ಎಂಬುದು ಸಿಗುತ್ತದೆ. ಜಲಾಶಯ ತುಂಬಿದಾಗಿನ ಹೆಡ್ಡನ್ನು ಅಂದಾಜಿಗಾಗಿ 80 ಮೀಟರ್ ಎಂದುಕೊಳ್ಳಿ. ಆಗ ಒಂದು ಘಟಕ ಪೂರ್ಣ ಪ್ರಮಾಣದಲ್ಲಿ ತಿರುಗಿದರೆ ಸುಮಾರು 70 ಕ್ಯುಮೆಕ್ (ಸೆಕೆಂಡಿಗೆ 70 ಘನ ಮೀಟರ್), ಅಂದರೆ 2,500 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ). ಎರಡೂ ತಿರುಗಿದರೆ 5,000 ಕ್ಯೂಸೆಕ್. ಬಾಯಿಲೆಕ್ಕಕ್ಕೆ, ಮೆಗಾವ್ಯಾಟಿಗೆ 50 ಕ್ಯೂಸೆಕ್ ಎಂದು ನೆನಪಿಟ್ಟುಕೊಂಡರೆ ಸಾಕು. ವಿದ್ಯುತ್ತಿನ ಬೇಡಿಕೆ-ಪೂರೈಕೆಯನ್ನು ಸರಿದೂಗಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣದಲ್ಲಿ ಶರಾವತಿ, ನಾಗಝರಿ, ವಾರಾಹಿಗಳ ಜೊತೆಗೆ ಸೂಪಾದ ಆ ಕ್ಷಣದ ಉತ್ಪಾದನೆಯೂ ಕಾಣುತ್ತದೆ. ಅಲ್ಲಿ 48 ಎಂದಿದ್ದರೆ ಒಂದು ಘಟಕ, 95 ಎಂದಿದ್ದರೆ ಎರಡು, ಸೊನ್ನೆ ಎಂದಿದ್ದರೆ ನಿಮ್ಮ ಮನೆಯಲ್ಲಿಯೇ ಚಹಾ ಕುಡಿಯುವುದು ಮೇಲು.

ಹುಬ್ಬಳ್ಳಿಯ ಹುಟ್ಟುಗಾರ:
ಇದು ನಾನು ಹುಡುಕುತ್ತಿದ್ದ ಉತ್ತರ. ಆದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿದಿನ ಬಿಡುಗಡೆ ಮಾಡುವ ಜಲಾಶಯಗಳ ಪಟ್ಟಿಯಲ್ಲಿ ಹೊರಹರಿವನ್ನು ನೇರವಾಗಿ ಕ್ಯೂಸೆಕ್‌ನಲ್ಲಿಯೇ ಕೊಟ್ಟಿರುತ್ತಾರಲ್ಲ? ಅದನ್ನೇ ನೋಡಿದರೆ ಆಗದೇ?

ಮೆಗಾವ್ಯಾಟ್:
ನೋಡಿ, ಆದರೆ ಅದು ದಿನದ ಲೆಕ್ಕವೆಂಬುದನ್ನು ಮರೆಯಬೇಡಿ. ಹೊರಹರಿವು 2,500 ಕ್ಯೂಸೆಕ್ ಎಂದಿದ್ದರೆ, ಒಂದು ಘಟಕ ಇಡೀ ದಿನ ಓಡಿರಬಹುದು. ಎರಡು ಘಟಕಗಳು 12 ಗಂಟೆ ಓಡಿ ಉಳಿದ 12 ಗಂಟೆ ಸುಮ್ಮನೆ ನಿಂತಿರಲೂಬಹುದು. ಕಾಗದದ ಮೇಲೆ ಇವೆರಡೂ ಒಂದೇ. ನದಿಯಲ್ಲಿ ಒಂದು ದಿನ ಹದವಾದ ಹರಿವು, ಇನ್ನೊಂದು ದಿನ ಅರ್ಧ ಹೊತ್ತು ಭರ್ತಿ, ಅರ್ಧ ಹೊತ್ತು ಬರಿಯ ಕಲ್ಲು. ನಿಮ್ಮ ಅಕ್ಟೋಬರ್ ಮತ್ತು ಮೇ ತಿಂಗಳ ಅನುಭವಕ್ಕೂ ಇದರಲ್ಲಿಯೇ ವಿವರಣೆಯಿದೆ. ಅಕ್ಟೋಬರ್‌ನಲ್ಲಿ ಮಳೆಗಾಲ ಆಗಷ್ಟೇ ಮುಗಿದು ಬೇರೆ ಕಡೆಯೂ ನೀರಿರುತ್ತದೆ, ಬೇಡಿಕೆಯೂ ಬೇಸಿಗೆಯಷ್ಟಿರುವುದಿಲ್ಲ; ಮೇ ತಿಂಗಳಿಗೆಂದೇ ಕೂಡಿಟ್ಟ ನೀರನ್ನು ಮೇ ತಿಂಗಳಲ್ಲಿ ಬಿಡುತ್ತಾರೆ. ಎರಡು ಘಟಕಗಳು ಎಡೆಬಿಡದೆ ಓಡಿದರೂ ದಿನಕ್ಕೆ ಖರ್ಚಾಗುವುದು ಅರ್ಧ ಟಿಎಂಸಿಗಿಂತ ಕಡಿಮೆ. ಹೀಗಿರುವಾಗ 145 ಟಿಎಂಸಿಯ ಜಲಾಶಯವೊಂದು ಇಂದಿನ ಮಳೆಗೆ ಇಂದೇ ಪ್ರತಿಕ್ರಿಯಿಸಬೇಕೆಂದು ನಿರೀಕ್ಷಿಸುವುದು ಸಲ್ಲದು.

ಗಣೇಶಗುಡಿ ದಡ:
ನಾನು ರ‍್ಯಾಫ್ಟ್ ನಡೆಸುವವನು. ಮೇಲಿನ ಲೆಕ್ಕ ಸರಿಯಾಗಿಯೇ ಇದೆ, ಆದರೆ ನಮ್ಮಲ್ಲಿ ಎಷ್ಟೋ ಕಡೆ ಮೊಬೈಲ್ ಸಂಪರ್ಕವೇ ಸಿಗುವುದಿಲ್ಲ. ನದಿಯ ನಡುವೆ ಇರುವಾಗ ಎರಡನೇ ಘಟಕ ಶುರುವಾಯಿತೇ ಎಂದು ಜಾಲತಾಣ ನೋಡುವ ಹಾಗಿಲ್ಲ. ನಾವು ನೋಡುವುದು ಕಲ್ಲನ್ನು.

ಪ್ರತಿದಿನ ಏರಿಳಿಯುವ ನದಿಯಲ್ಲಿ ಬಂಡೆಗಳ ಮೇಲೆ ಒಂದು ಕಪ್ಪು ಪಟ್ಟಿ ನಿಂತಿರುತ್ತದೆ. ನೀರು ಪದೇ ಪದೇ ಮುಟ್ಟುವ ಎತ್ತರದವರೆಗೆ ಪಾಚಿ ಹಿಡಿದು ಕಪ್ಪಾಗಿರುತ್ತದೆ, ಅದರ ಮೇಲೆ ಕಲ್ಲು ಬೂದುಬಣ್ಣದ್ದು. ನೀರು ಆ ಪಟ್ಟಿಯ ಮೇಲಂಚಿನ ಹತ್ತಿರವಿದ್ದರೆ ಎರಡು ಘಟಕಗಳ ನೀರೆಂದು ತಿಳಿಯಬಹುದು. ಪಟ್ಟಿಯ ಬಹುಭಾಗ ಬಯಲಾಗಿದ್ದರೆ ನೀರು ಕಡಿಮೆ. ಆದರೆ ಮಟ್ಟವೊಂದೇ ಸಾಲದು, ಅದು ಎತ್ತ ಹೋಗುತ್ತಿದೆ ಎಂಬುದು ಮುಖ್ಯ. ನೀರಿನ ಅಂಚಿನ ಮೇಲೆ ಗೇಣುದ್ದ ಕಲ್ಲು ಇನ್ನೂ ಒದ್ದೆಯಾಗಿದ್ದರೆ ನೀರು ಇಳಿಯುತ್ತಿದೆ. ಅಂಚಿನವರೆಗೂ ಕಲ್ಲು ಒಣಗಿದ್ದು, ನೀರಿನಲ್ಲಿ ತರಗೆಲೆ, ಕಡ್ಡಿ, ನೊರೆ ಗುಂಪುಗುಂಪಾಗಿ ತೇಲಿ ಬರುತ್ತಿದ್ದರೆ ಏರುತ್ತಿದೆ, ಏಕೆಂದರೆ ಒಣಗಿದ ದಡವನ್ನು ಮೊದಲು ತೊಳೆಯುವುದು ಏರುವ ನೀರೇ. ಅನುಮಾನವಿದ್ದರೆ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು, ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಬಿಗಿಯುವಷ್ಟು ಹೊತ್ತು ಬಿಟ್ಟು ನೋಡಿ. ಇಳಿಯುವ ನೀರಿನಲ್ಲಿ ಹೊರಡುವುದಿದ್ದರೆ ನಾನು ಯೋಚಿಸಿಯೇ ಹೊರಡುತ್ತೇನೆ.

ಧಾರವಾಡ ಪೇಢೆ:
ಇಳಿಯುವ ನೀರು ಏರುವ ನೀರಿಗಿಂತ ಸುರಕ್ಷಿತವಲ್ಲವೇ? ಅದಕ್ಕೆ ಯೋಚನೆ ಏಕೆ?

ಗಣೇಶಗುಡಿ ದಡ:
ಪ್ರಾಣಾಪಾಯದ ದೃಷ್ಟಿಯಿಂದ ಏರುವುದೇ ಹೆಚ್ಚು ಕೆಟ್ಟದ್ದು, ನಿಮ್ಮ ಮಾತು ನಿಜ. ಆದರೆ ನೀರು ಕಡಿಮೆಯಾದಷ್ಟೂ ಕಲ್ಲುಗಳ ಸಂದು ಬಾಯಿ ತೆರೆಯುತ್ತದೆ. ರ‍್ಯಾಫ್ಟ್ ಬಂಡೆಗೆ ಅಡ್ಡಡ್ಡ ಅಂಟಿಕೊಂಡು ನಿಲ್ಲುವುದು, ಕೆಳಗೆ ಬಿದ್ದವರು ಎದ್ದು ನಿಲ್ಲಲು ಹೋಗಿ ಕಾಲು ಸಿಕ್ಕಿಸಿಕೊಳ್ಳುವುದು, ಇವೆಲ್ಲ ಕಡಿಮೆ ನೀರಿನ ಅಪಾಯಗಳು. ಮೊಣಕಾಲು ಆಳದ ನೀರೆಂದು ಅಸಡ್ಡೆ ಮಾಡುವವರೇ ಹೆಚ್ಚು. ಸೆಳವಿರುವ ಕಡೆ ಮೊಣಕಾಲುದ್ದ ನೀರಿನಲ್ಲಿ ನಿಲ್ಲಬಾರದೆಂದು ನಾವು ದಡದಲ್ಲಿ ಎಷ್ಟು ಹೇಳಿದರೂ ಬಿದ್ದ ತಕ್ಷಣ ಎಲ್ಲರೂ ನಿಲ್ಲಲೇ ನೋಡುತ್ತಾರೆ.

ಮೆಗಾವ್ಯಾಟ್:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನೀರಿನ ಮಟ್ಟದ ಬದಲಾವಣೆ ಸಾಗುವ ವೇಗವೂ ನೀರು ಹರಿಯುವ ವೇಗವೂ ಒಂದೇ ಅಲ್ಲ. ಇಂಥ ನದಿಯಲ್ಲಿ ಏರಿಕೆ ಅಥವಾ ಇಳಿತ ನೀರಿಗಿಂತ ಸುಮಾರು ಒಂದೂವರೆ ಪಟ್ಟು ವೇಗವಾಗಿ ಕೆಳಗೆ ಹೋಗುತ್ತದೆ. ನೀರು ಸೆಕೆಂಡಿಗೆ ಸರಾಸರಿ ಒಂದೂವರೆ ಮೀಟರ್ ಹರಿಯುತ್ತದೆಂದು ಊಹಿಸಿದರೆ, ತೇಲುತ್ತಾ ಹೋಗುವ ನಿಮಗೆ 10 ಕಿಲೋಮೀಟರ್‌ಗೆ ಒಂದು ಗಂಟೆ ಐವತ್ತು ನಿಮಿಷ ಬೇಕು, ಆ ಅಲೆಗೆ ಒಂದು ಗಂಟೆ ಕಾಲು ಸಾಕು. ಆದ್ದರಿಂದ ನೀವು ಹೊರಟ ಸ್ವಲ್ಪ ಹೊತ್ತಿನಲ್ಲಿ ಮೇಲೆ ಘಟಕ ನಿಂತರೆ, ‘ನಮ್ಮ ಜೊತೆಗೇ ನೀರೂ ಬರುತ್ತಿದೆ’ ಎಂಬ ಧೈರ್ಯಕ್ಕೆ ಆಧಾರವಿಲ್ಲ; ಇಳಿತ ಹಿಂದಿನಿಂದ ಬಂದು ನಿಮ್ಮನ್ನು ದಾಟಿ ಹೋಗುತ್ತದೆ. ಇನ್ನೊಂದು ವ್ಯತ್ಯಾಸವೆಂದರೆ, ಏರಿಕೆಯ ಮುಂಭಾಗ ಕಡಿದಾಗಿ ಬರುತ್ತದೆ, ಇಳಿತ ಕೆಳಗೆ ಹೋದಂತೆಲ್ಲ ಉದ್ದಕ್ಕೆ ಹರಡಿಕೊಳ್ಳುತ್ತದೆ. ಏರುವ ನೀರಿಗೆ ನೀವು ಪ್ರತಿಕ್ರಿಯಿಸಲು ಸಿಗುವ ಸಮಯ ಯಾವಾಗಲೂ ಕಡಿಮೆ.

ಬಾರಾಪೊಳೆಯವಳು:
ಕೊಡಗಿನ ಬಾರಾಪೊಳೆಯಲ್ಲಿ ಹುಟ್ಟು ಹಾಕುವುದನ್ನು ಕಲಿತವಳು ನಾನು. ಅದು ಮಳೆಗಾಲದ ನದಿ. ಮೋಡ ನೋಡಿ, ರಾತ್ರಿಯ ಮಳೆಯ ಸದ್ದು ಕೇಳಿ ನಾಳೆಯ ನೀರನ್ನು ಊಹಿಸುತ್ತೇವೆ. ಕಾಳಿಗೆ ಬರುವವರು ‘ಇಲ್ಲಿ ನೀರು ನಿಯಂತ್ರಣದಲ್ಲಿದೆ, ಹಾಗಾಗಿ ಸುರಕ್ಷಿತ’ ಎಂದು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಒಪ್ಪಿಗೆಯಾಗುವುದಿಲ್ಲ. ನಿಯಂತ್ರಣ ಇರುವುದು ನಿಜ, ಆದರೆ ಅದು ನಮಗಾಗಿ ಇರುವುದಲ್ಲ. ಮಳೆಯ ನದಿ ಏರುವ ಮೊದಲು ಬಣ್ಣ ಬದಲಿಸುತ್ತದೆ, ಕೆಂಪಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಜಲಾಶಯದಲ್ಲಿ ಕೆಸರೆಲ್ಲ ಕೂತುಬಿಟ್ಟಿರುವುದರಿಂದ ಅಣೆಕಟ್ಟೆಯ ಕೆಳಗಿನ ನೀರು ಏರುವಾಗಲೂ ತಿಳಿಯಾಗಿಯೇ ಇರುತ್ತದೆ. ಆಕಾಶ ನೀಲಿಯಾಗಿಯೇ ಇರುತ್ತದೆ. ನಮಗೆ ಅಭ್ಯಾಸವಾಗಿರುವ ಸೂಚನೆಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದಾಗಿ ಗಿಡಗಂಟಿ. ಪ್ರತಿ ವರ್ಷ ಮಹಾಪೂರ ಬರುವ ನದಿಯಲ್ಲಿ ನೀರಿನ ನಡುವಿನ ದಿಬ್ಬಗಳು ತೊಳೆದುಹೋಗುತ್ತವೆ, ಅಲ್ಲಿ ಮರ ನಿಲ್ಲುವುದಿಲ್ಲ. ಪೂರವನ್ನು ಅಣೆಕಟ್ಟೆ ಹಿಡಿದಿಟ್ಟುಕೊಂಡ ನದಿಯಲ್ಲಿ ಪೊದೆ, ಮರ ನಡುನೀರಿನವರೆಗೂ ಬಂದು ಬೇರು ಬಿಡುತ್ತವೆ. ಒಂದು ಘಟಕದ ನೀರಿನಲ್ಲಿ ಅವು ದಡದ ಹಸಿರಾಗಿ ಕಾಣುತ್ತವೆ, ಎರಡನೇ ಘಟಕ ಶುರುವಾದರೆ ಸೆಳವು ಅವುಗಳ ಮೂಲಕವೇ ಹಾದುಹೋಗುತ್ತದೆ. ನೀರು ನುಸುಳುತ್ತದೆ, ಮನುಷ್ಯ ನುಸುಳಲಾರ. ದೊಡ್ಡ ರ‍್ಯಾಪಿಡ್‌ಗಿಂತ ಆ ಪೊದೆಗಳನ್ನು ಕಂಡರೇ ನನಗೆ ಹೆಚ್ಚು ಭಯ.

2014ರ ಜೂನ್ 8ರಂದು ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಅವರು ಹುಟ್ಟು ಹಾಕಲು ಹೋದವರಲ್ಲ, ಬರಿಯ ಬಂಡೆಯ ಮೇಲೆ ನಿಂತವರು. ಅಣೆಕಟ್ಟೆಯ ಕೆಳಗೆ ಒಣಗಿ ಕಾಣುವ ಕಲ್ಲು ಕೂಡ ನದಿಯ ಭಾಗವೇ ಎಂಬುದನ್ನು ನಮ್ಮ ಬಳಗದ ಹೊಸಬರಿಗೆ ನಾನು ಮೊದಲು ಹೇಳುವುದು ಈ ಘಟನೆಯನ್ನು ಮುಂದಿಟ್ಟುಕೊಂಡೇ.

ಗಣೇಶಗುಡಿ ದಡ:
ಪೊದೆಗಳ ಬಗ್ಗೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಹೊಸಬರು ಕವಲೊಡೆದ ಹರಿವಿನಲ್ಲಿ ಕಿರಿದಾದ ಕವಲನ್ನು ಹಿಡಿಯಬಾರದು.

ಜಾರ್ಜಿಯಾ ಕನ್ನಡಿಗ:
ಅಮೆರಿಕದಲ್ಲಿರುವ ಕಾರಣ ಹೋಲಿಕೆಗೆ ಎರಡು ಮಾತು. ಪಕ್ಕದ ಟೆನೆಸ್ಸಿಯಲ್ಲಿ ಒಕೊಯಿ ಎಂಬ ನದಿಯಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸ್ಲಾಲಂ ಸ್ಪರ್ಧೆ (ರಭಸದ ನೀರಿನಲ್ಲಿ ತೂಗುಬಿಟ್ಟ ಕಂಬಗಳ ನಡುವೆ ದೋಣಿ ನಡೆಸುವುದು) ನಡೆದದ್ದು ಅಲ್ಲಿ. ಅದೂ ಟೆನೆಸ್ಸಿ ವ್ಯಾಲಿ ಅಥಾರಿಟಿಯ ಅಣೆಕಟ್ಟೆಗಳ ಹಿಡಿತದಲ್ಲಿರುವ ನದಿ. ನೀರು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬ ವೇಳಾಪಟ್ಟಿ ಮುಂಚಿತವಾಗಿಯೇ ಪ್ರಕಟವಾಗುತ್ತದೆ. ವೆಸ್ಟ್ ವರ್ಜೀನಿಯಾದ ಗಾಲಿ ನದಿಯಲ್ಲಿ ಪ್ರತಿ ಶರತ್ಕಾಲದಲ್ಲಿ ಸಮ್ಮರ್ಸ್‌ವಿಲ್ ಜಲಾಶಯವನ್ನು ಇಳಿಸುವಾಗ, ನದಿಯಲ್ಲಿ ಸಾಗುವವರಿಗೆಂದೇ ವಾರಾಂತ್ಯಗಳಲ್ಲಿ ಸುಮಾರು 2,800 ಕ್ಯೂಸೆಕ್ ಬಿಡುತ್ತಾರೆ. ಇದಲ್ಲದೆ ಭೂವೈಜ್ಞಾನಿಕ ಸರ್ವೇಕ್ಷಣೆಯ ಮಾಪಕಗಳ ಅಂಕಿಗಳು ಜಾಲತಾಣದಲ್ಲಿ ದಿನವಿಡೀ ಹೊಸದಾಗುತ್ತಲೇ ಇರುತ್ತವೆ. ನಮ್ಮ ವಿದ್ಯುತ್ ನಿಗಮಕ್ಕೆ ಮನವಿ ಸಲ್ಲಿಸಿ ಇಂಥ ವೇಳಾಪಟ್ಟಿಯನ್ನು ಕೇಳಬಾರದೇಕೆ?

ಇನ್ನೊಂದು ವಿಷಯ ಗಮನಿಸಿ. ಗಾಲಿಯ 2,800 ಕ್ಯೂಸೆಕ್ ಎಂದರೆ, ಮೇಲಿನವರ ಲೆಕ್ಕದಂತೆ, ಸೂಪಾದ ಒಂದು ಘಟಕದ ನೀರಿಗಿಂತ ಸ್ವಲ್ಪವಷ್ಟೇ ಹೆಚ್ಚು. ಆದರೆ ಅಲ್ಲಿನ ಮೇಲ್ಭಾಗ ಐದನೇ ದರ್ಜೆಯದು. ಇಳಿಜಾರು, ಪಾತ್ರದ ಅಗಲ, ಬಂಡೆಗಳ ಜೋಡಣೆ ಬೇರೆಯಾದಾಗ ಅದೇ ಕ್ಯೂಸೆಕ್ ಬೇರೆಯದೇ ನದಿಯಾಗುತ್ತದೆ. ಹೀಗಾಗಿ ಒಂದು ನದಿಯ ಅಂಕಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವವರ ಮಾತನ್ನು ನಂಬಬೇಡಿ.

ಮೆಗಾವ್ಯಾಟ್:
ಮನವಿ ಸಲ್ಲಿಸುವುದು ಒಳ್ಳೆಯದೇ, ಆದರೆ ಏನನ್ನು ಕೇಳುತ್ತಿದ್ದೇವೆ ಎಂಬುದು ಸ್ಪಷ್ಟವಾಗಿರಲಿ. ನಮ್ಮ ವಿದ್ಯುತ್ ಜಾಲದಲ್ಲಿ ಮರುದಿನದ ಉತ್ಪಾದನೆಯನ್ನು 15 ನಿಮಿಷಗಳ 96 ಭಾಗಗಳಾಗಿ ಹಿಂದಿನ ದಿನವೇ ಯೋಜಿಸುತ್ತಾರೆ. ಹಾಗಾಗಿ ಯೋಜನೆ ಎಂಬುದೇನೋ ಇದ್ದೇ ಇರುತ್ತದೆ. ಆದರೆ ಆ ಯೋಜನೆ ತಪ್ಪಿದಾಗ, ಅಂದರೆ ಎಲ್ಲೋ ಒಂದು ಉಷ್ಣ ಘಟಕ ಕೈಕೊಟ್ಟಾಗ, ಮೋಡ ಕವಿದು ಸೌರ ವಿದ್ಯುತ್ ಕುಸಿದಾಗ, ಗಾಳಿ ನಿಂತಾಗ, ಕೊರತೆಯನ್ನು ತುಂಬಲು ಮೊದಲು ಕರೆಯುವುದು ಜಲವಿದ್ಯುತ್ತನ್ನೇ, ಏಕೆಂದರೆ ಅದು ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ವೇಳಾಪಟ್ಟಿ ಪ್ರಕಟವಾದರೆ ಜನ ಅದನ್ನು ಖಾತ್ರಿಯೆಂದು ತಿಳಿಯುತ್ತಾರೆ. ಅದು ತಪ್ಪಿದ ದಿನ ಯಾರು ಹೊಣೆ ಎಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದದ್ದು ವೇಳಾಪಟ್ಟಿಯನ್ನಲ್ಲ, ನದಿಯಲ್ಲಿ ಒಂದು ಮಾಪಕವನ್ನು. ಗಣೇಶಗುಡಿಯ ಸೇತುವೆಯ ಕಂಬದ ಮೇಲೆ ಅಳತೆಪಟ್ಟಿ ಬರೆದು, ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಒಮ್ಮೆ ಅಳೆದಿಟ್ಟರೆ, ಯಾರ ಹೊಣೆಯೂ ಹೆಚ್ಚದೆ ಎಲ್ಲರಿಗೂ ಉಪಕಾರವಾಗುತ್ತದೆ.

ಜಾರ್ಜಿಯಾ ಕನ್ನಡಿಗ:
ಒಪ್ಪಲಾರೆ. ಹೊಣೆಯ ಭಯದಿಂದ ಮಾಹಿತಿಯನ್ನೇ ಕೊಡದಿರುವುದು ಸರಿಯಲ್ಲ. ‘ಬದಲಾಗಬಹುದು’ ಎಂಬ ಎಚ್ಚರಿಕೆಯೊಂದಿಗೇ ಇಲ್ಲಿಯೂ ಪ್ರಕಟಿಸುತ್ತಾರೆ. ಅಳತೆಪಟ್ಟಿ ಈಗಿನ ನೀರನ್ನು ಹೇಳುತ್ತದೆ, ಎರಡು ಗಂಟೆಯ ನಂತರದ್ದನ್ನು ಹೇಳುವುದಿಲ್ಲ. ನದಿಯಲ್ಲಿರುವವನಿಗೆ ಬೇಕಾಗಿರುವುದು ಎರಡನೆಯದೇ.

ಬಾರಾಪೊಳೆಯವಳು:
ಎರಡನ್ನೂ ಕೇಳೋಣ. ಮೊದಲು ಸಿಗುವುದು ಅಳತೆಪಟ್ಟಿಯೇ ಎಂದು ನನ್ನ ಊಹೆ.

ಧಾರವಾಡ ಪೇಢೆ:
ಒಂದು ಸಂದೇಹ. ಜಲಾಶಯ ಇಳಿದಂತೆ ಒತ್ತಡ ಕಡಿಮೆಯಾಗುತ್ತದೆ, ಹಾಗಾದರೆ ಹೊರಬರುವ ನೀರೂ ಕಡಿಮೆಯಾಗಬೇಕಲ್ಲವೇ? ಮೇ ತಿಂಗಳಲ್ಲಿ ನದಿ ಭರ್ತಿ ಹೇಗೆ?

ಮೆಗಾವ್ಯಾಟ್:
ಒಳ್ಳೆಯ ಪ್ರಶ್ನೆ, ಉತ್ತರ ಎರಡು ಬಗೆಯದು. ಟರ್ಬೈನಿನ ಗೇಟುಗಳು ಒಂದೇ ಪ್ರಮಾಣದಲ್ಲಿ ತೆರೆದಿದ್ದರೆ ನಿಮ್ಮ ಮಾತು ಸರಿ, ಹೆಡ್ ಇಳಿದಂತೆ ನೀರೂ ಕಡಿಮೆ. ಆದರೆ ನಡೆಸುವವರು ಗುರಿಯಾಗಿಟ್ಟುಕೊಳ್ಳುವುದು ಗೇಟನ್ನಲ್ಲ, ಮೆಗಾವ್ಯಾಟನ್ನು. ಹೆಡ್ 80 ಮೀಟರ್ ಇದ್ದಾಗ 40 ಮೆಗಾವ್ಯಾಟ್‌ಗೆ ಸುಮಾರು 57 ಕ್ಯುಮೆಕ್ ಬೇಕಾದರೆ, 60 ಮೀಟರ್‌ಗೆ ಇಳಿದಾಗ ಅಷ್ಟೇ ವಿದ್ಯುತ್ತಿಗೆ 75 ಕ್ಯುಮೆಕ್ ಬೇಕು. ಗೇಟು ಹೆಚ್ಚು ತೆರೆಯಲೇಬೇಕು. ಗೇಟು ಪೂರ್ತಿ ತೆರೆದ ಮೇಲೆ ಮುಂದಕ್ಕೆ ಹೋಗಲು ಜಾಗವಿರುವುದಿಲ್ಲ, ಆಗ ಮೆಗಾವ್ಯಾಟೂ ಇಳಿಯುತ್ತದೆ, ನೀರೂ ಇಳಿಯುತ್ತದೆ. ಹೀಗಾಗಿ ಜಾಲತಾಣದಲ್ಲಿ 40 ಎಂದು ಕಂಡರೆ, ಬೇಸಿಗೆಯ ಕೊನೆಯಲ್ಲಿ ಅದನ್ನು ಅಕ್ಟೋಬರ್‌ನ 40ಕ್ಕಿಂತ ಹೆಚ್ಚು ನೀರೆಂದು ಓದಿಕೊಳ್ಳಿ. ಮೆಗಾವ್ಯಾಟಿಗೆ 50 ಕ್ಯೂಸೆಕ್ ಎಂಬ ಬಾಯಿಲೆಕ್ಕ ಆಗ 65ರ ಆಸುಪಾಸಿಗೆ ಹೋಗಿರುತ್ತದೆ.

ಹುಬ್ಬಳ್ಳಿಯ ಹುಟ್ಟುಗಾರ:
ಇತ್ತೀಚೆಗೆ ಮಧ್ಯಾಹ್ನದ ಹೊತ್ತಿಗೆ ನೀರು ತಗ್ಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರೆ. ಇದಕ್ಕೂ ಕಾರಣವಿದೆಯೇ?

ಮೆಗಾವ್ಯಾಟ್:
ಪ್ರತಿದಿನವೂ ಹಾಗೆಯೇ ಎಂದು ಹೇಳಲಾಗದು, ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಪಾವಗಡದ 2,050 ಮೆಗಾವ್ಯಾಟ್‌ನಂಥ ಸೌರ ಪಾರ್ಕ್‌ಗಳು ಬಂದ ಮೇಲೆ ಹಗಲಿನ ಹೊತ್ತು ಜಲವಿದ್ಯುತ್ತನ್ನು ತಗ್ಗಿಸಿ, ಬೆಳಗಿನ ಮತ್ತು ಸಂಜೆಯ ಬೇಡಿಕೆಗೆ ಉಳಿಸುವುದು ಜಾಣತನ. ಆದರೆ ಸೂಪಾಕ್ಕೆ ಇನ್ನೊಂದು ಜವಾಬ್ದಾರಿಯೂ ಇದೆ. ಇಲ್ಲಿಂದ ಬಿಟ್ಟ ನೀರು ದಾಂಡೇಲಿ ದಾಟಿ ಬೊಮ್ಮನಹಳ್ಳಿ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳಲ್ಲಿ ಮತ್ತೆ ಮತ್ತೆ ವಿದ್ಯುತ್ತಾಗುತ್ತದೆ. ನಾಗಝರಿಯ ಸಾಮರ್ಥ್ಯದ ಮುಂದೆ ಸೂಪಾದ 100 ಮೆಗಾವ್ಯಾಟ್ ಸಣ್ಣದು. ಬೊಮ್ಮನಹಳ್ಳಿ ಸೂಪಾಕ್ಕೆ ಹೋಲಿಸಿದರೆ ಪುಟ್ಟ ಜಲಾಶಯವಾದ್ದರಿಂದ ನಾಗಝರಿ ಹೆಚ್ಚು ಓಡುವ ದಿನಗಳಲ್ಲಿ ಸೂಪಾ ಹಗಲಿನಲ್ಲಿಯೂ ಓಡಬೇಕಾಗುತ್ತದೆ. ಜಾಲತಾಣದಲ್ಲಿ ಎರಡೂ ಅಂಕಿಗಳನ್ನು ಒಟ್ಟಿಗೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾಗಝರಿ ಏರುಮಟ್ಟದಲ್ಲಿದ್ದು ಸೂಪಾ ಸೊನ್ನೆಯಲ್ಲಿದ್ದರೆ, ಆ ಸೊನ್ನೆ ಬಹಳ ಹೊತ್ತು ಉಳಿಯದಿರುವ ಸಾಧ್ಯತೆಯೇ ಹೆಚ್ಚು. ಕಲ್ಲು ಬಯಲಾಗಿದೆಯೆಂದು ನಡುನದಿಯಲ್ಲಿ ಫೋಟೋ ತೆಗೆಯಲು ಕೂರಬಾರದ ಹೊತ್ತು ಅದು.

ಹುಬ್ಬಳ್ಳಿಯ ಹುಟ್ಟುಗಾರ:
ಎಲ್ಲರಿಗೂ ವಂದನೆಗಳು. ಕೊನೆಯದಾಗಿ ದಡದವರಿಗೇ ಕೇಳುತ್ತೇನೆ: ಜಾಲತಾಣದಲ್ಲಿ ಒಂದು ಘಟಕ ಎಂದು ತೋರಿಸುತ್ತಿದ್ದು, ಅಲ್ಲಿಗೆ ಬಂದಾಗ ಕಲ್ಲು ಬೇರೆಯದನ್ನೇ ಹೇಳಿದರೆ ಯಾವುದನ್ನು ನಂಬಬೇಕು?

ಗಣೇಶಗುಡಿ ದಡ:
ಕಲ್ಲನ್ನು. ಮಳೆ ಬಿದ್ದ ದಿನ ಅಣೆಕಟ್ಟೆಯ ಕೆಳಗೆ ಸೇರುವ ಹಳ್ಳಗಳ ನೀರು ನಿಮ್ಮ ಜಾಲತಾಣದಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಬಂದವರು ಮೊದಲು ಸೇತುವೆಯ ಮೇಲೆ ನಿಂತು ನೋಡಿ, ಆಮೇಲೆ ಇಳಿಯುವ ಜಾಗದಲ್ಲಿ ಕಡ್ಡಿ ನೆಟ್ಟು ನೋಡಿ, ಪರವಾನಗಿ ಇರುವ ತಂಡದವರನ್ನು ಆ ದಿನದ ನೀರಿನ ಬಗ್ಗೆ ವಿಚಾರಿಸಿ; ಸುತ್ತಲಿನ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಎಲ್ಲೆಂದರಲ್ಲಿ ದಡಕ್ಕೆ ಹತ್ತುವ ಹಾಗಿಲ್ಲ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಪ್ರತಿ ರ‍್ಯಾಪಿಡ್‌ನ ಕೆಳಗಿನ ಮಡುವಿನಲ್ಲಿ ಎಲ್ಲರೂ ಸೇರಿಕೊಂಡ ಮೇಲೆ, ದಡದ ಒಂದು ಕಲ್ಲನ್ನು ಗುರುತಿಟ್ಟು ಐದು ನಿಮಿಷ ನಿಲ್ಲಿ. ಆ ಐದು ನಿಮಿಷದಲ್ಲಿ ಕಲ್ಲು ಮುಳುಗುತ್ತಾ ಬಂದರೆ ಮುಂದಿನ ರ‍್ಯಾಪಿಡ್ಡನ್ನು ದಡದಿಂದ ನಡೆದು ನೋಡದೆ ಇಳಿಯಬೇಡಿ, ಏಕೆಂದರೆ ನಿಮಗೆ ಗೊತ್ತಿರುವ ದಾರಿ ಹಿಂದಿನ ಮಟ್ಟದ್ದು. ಅಣೆಕಟ್ಟೆಯ ಆಳದಿಂದ ಬರುವ ನೀರು ಬಿಸಿಲಿನಲ್ಲೂ ತಣ್ಣಗಿರುತ್ತದೆ, ಹಾಗಾಗಿ ಬಿದ್ದವರನ್ನು ಹೆಚ್ಚು ಹೊತ್ತು ನೀರಿನಲ್ಲಿ ಬಿಡಬೇಡಿ. ಮೌಳಂಗಿಯಲ್ಲಿ ಹೊರಬನ್ನಿ, ಅಲ್ಲಿಂದ ಮುಂದೆ ದಾಂಡೇಲಿಯ ಕಡೆಗೆ ನಿಧಾನದ ನೀರು, ಅದು ಮೊಸಳೆಗಳ ಜಾಗ.